ಮಲಗದ ಇದ್ದಿಲು

"ಬಿಚ್ಚೇ ಮಡಿಲು, ಕಳ್ಳಮುಂಡೆ. ಹೊಗೆ ಬರ್ತಿದೆ. ಹೊಟ್ಟೆ ಮೇಲೆ ಒಲೆ ಹಚ್ಕೊಂಡಿದೀಯಾ?"

ಗೇಟಿನ ಕಾವಲುಗಾರ ಬೈಯುತ್ತಿದ್ದುದು ನನ್ನ ವಾರಗಿತ್ತಿಯನ್ನು. ನನ್ನ ಗಂಡನ ಅಣ್ಣನ ಹೆಂಡತಿ ಅವಳು. ನಾನು ಅಕ್ಕ ಎನ್ನುತ್ತೇನೆ. ನನ್ನ ಬಾಯಿಂದ ಕೇಳಿ ಕೇಳಿ ಇದ್ದಿಲು ಗೂಡಿನ ಹೆಂಗಸರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಾರೆ. ಸಂಜೆ ಕೆಲಸ ಬಿಟ್ಟ ಮೇಲೆ ನಾವು ಸಾಲಾಗಿ ನಿಂತು, ಒಬ್ಬೊಬ್ಬರೇ ಅವನ ಮುಂದೆ ಮಡಿಲು ಬಿಚ್ಚಿ ಕೊಡವಿ ತೋರಿಸಿ ಹೊರಗೆ ಹೋಗಬೇಕು. ಇದ್ದಿಲಿನ ಒಂದು ಚೂರು ಉದುರಿದರೂ ಅದು ಕಳ್ಳತನ. ಅಕ್ಕನ ಮಡಿಲಿನಿಂದ ಇನ್ನೂ ಏನೂ ಉದುರಿರಲಿಲ್ಲ. ಹೊಗೆ ಮಾತ್ರ ಸಣ್ಣಗೆ ಏಳುತ್ತಿತ್ತು.

ಅವಳು ಎರಡೂ ಕೈಯಲ್ಲಿ ಮಡಿಲನ್ನು ಬಿಗಿಯಾಗಿ ಹಿಡಿದು ನೆಲ ನೋಡುತ್ತ ನಿಂತಳು. ಚೀಲದ ಕೊಟ್ಟಿಗೆಯಿಂದ ಮೇಸ್ತ್ರಿ ಬಂದ. ಅವನಿಗೆ ಯಾವ ಅವಸರವೂ ಇರಲಿಲ್ಲ. ಕಾವಲುಗಾರ ಕೈ ಹಾಕಲು ಹೋದರೆ ಬೇಡವೆಂದು ತಡೆದ.

"ಅವಳಾಗೇ ಬಿಚ್ಚಲಿ ಬಿಡೋ. ಎಷ್ಟೊತ್ತು ತಡ್ಕೋತಾಳೆ ನೋಡೋಣ."

ಕಾವಲುಗಾರ ನಕ್ಕ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಸುಟ್ಟ ಬಟ್ಟೆಯ ವಾಸನೆ ಸಾಲಿನ ಕೊನೆಯವರೆಗೂ ಬಂತು. ಆಮೇಲೆ ಬಟ್ಟೆಯ ವಾಸನೆ ಅಲ್ಲದ ಇನ್ನೊಂದು ವಾಸನೆಯೂ ಬಂತು. ನನ್ನ ಹಿಂದಿದ್ದವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಅಕ್ಕ ತುಟಿ ಕಚ್ಚಿಕೊಂಡು ನಿಂತೇ ಇದ್ದಳು. ಕೊನೆಗೆ ಬಟ್ಟೆಯೇ ಸೋತು ಹರಿಯಿತು. ಒಂದು ಬೊಗಸೆ ಇದ್ದಿಲು, ಅದರಲ್ಲಿ ಅರ್ಧ ಕೆಂಪಗೆ, ಅವಳ ಕಾಲ ಬುಡಕ್ಕೆ ಬಿತ್ತು.

ಮೇಸ್ತ್ರಿ ಅದನ್ನು ಬೂಟಿನಿಂದ ತುಳಿದು ಆರಿಸಿದ. ಆರಿದ ಪುಡಿಯನ್ನು ಅವಳ ಕೈಯಲ್ಲೇ ಬಾಚಿಸಿ, ಮತ್ತೆ ರಾಶಿಗೆ ಹಾಕಿಸಿದ. ಪುಡಿಯನ್ನು ಯಾರೂ ಕೊಳ್ಳುವುದಿಲ್ಲ. ಆದರೂ ಹಾಕಿಸಿದ. ಅದು ಮುಗಿದ ಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಇನ್ನೊಂದು ಸಲ ನಿಮ್ಮನೇಲಿ ಧಣಿ ಇದ್ದಿಲು ಕಂಡ್ರೆ ಗುಡಿಸಲು ಖಾಲಿ. ಬಾಣಂತಿ ಗೀಣಂತಿ ಅಂತ ನೋಡಲ್ಲ."

ಇದ್ದಿಲು ಕದಿಯಲು ಬಾರದವಳಲ್ಲ ಅಕ್ಕ. ನಾವೆಲ್ಲ ಆಗೊಮ್ಮೆ ಈಗೊಮ್ಮೆ ತಲೆಗೂದಲ ಗಂಟಿನೊಳಗೆ, ಬುತ್ತಿಯ ಡಬ್ಬಿಯ ತಳದಲ್ಲಿ ಒಂದೆರಡು ಚೂರು ದಾಟಿಸಿದವರೇ. ಅವಳು ಮಾಡಿದ ತಪ್ಪು ಬೇರೆ. ನಮ್ಮ ಗೂಡು ಎಂದರೆ ಸೌದೆಯನ್ನು ಒತ್ತೊತ್ತಾಗಿ ನಿಲ್ಲಿಸಿ, ಮೇಲೆ ಸೊಪ್ಪು ಹೊದಿಸಿ, ಹಸಿಮಣ್ಣು ಮೆತ್ತಿ, ನೆತ್ತಿಯಲ್ಲಿ ಬೆಂಕಿ ಕೊಟ್ಟು ಉಸಿರುಗಟ್ಟಿಸುವ ದಿಬ್ಬ. ಸೌದೆ ಉರಿಯಬಾರದು, ಆರಲೂಬಾರದು, ಒಳಗೊಳಗೇ ಬೇಯಬೇಕು. ನಮ್ಮ ಬಾಳೂ ಹಾಗೇ ಅಲ್ಲವಾ ಎಂದು ಯಾರಾದರೂ ಕೊರಗಿದರೆ ಅಕ್ಕ ನಗುತ್ತಾಳೆ. ಇದ್ದಿಲಿಗಾದರೂ ಪೇಟೆಯಲ್ಲಿ ಬೆಲೆ ಇದೆ ಎನ್ನುತ್ತಾಳೆ.

ಗೂಡು ಒಡೆದು ಹರವಿದ ಇದ್ದಿಲು ಕಪ್ಪಗೆ ತಣ್ಣಗೆ ಕಾಣುತ್ತದೆ. ಆದರೆ ಅದರ ಒಡಲಲ್ಲಿ ಸಾಸಿವೆಯಷ್ಟು ಕೆಂಡ ಉಳಿದಿದ್ದರೂ ಗಾಳಿ ತಾಕುತ್ತಲೇ ಮತ್ತೆ ಹೊತ್ತಿಕೊಳ್ಳುತ್ತದೆ. ಅಂಥದನ್ನು ನಾವು ಮಲಗದ ಇದ್ದಿಲು ಎನ್ನುತ್ತೇವೆ. ಮಾರನೆಯ ದಿನದವರೆಗೂ ಕಾದು, ಅಂಗೈ ಇಟ್ಟು ನೋಡಿ, ಪೂರಾ ಮಲಗಿದೆ ಎಂದು ಖಾತ್ರಿಯಾದ ಮೇಲೆಯೇ ಚೀಲಕ್ಕೆ ತುಂಬಬೇಕು. ಅವತ್ತು ಮಧ್ಯಾಹ್ನವಷ್ಟೇ ಒಡೆದ ಗೂಡಿನಿಂದ ಅಕ್ಕ ಇದ್ದಿಲು ಎತ್ತಿಕೊಂಡಿದ್ದಳು. ಅವಳಿಗೆ ಮಾರನೆಯ ದಿನದವರೆಗೆ ಕಾಯುವ ತಾಳ್ಮೆ ಇರಲಿಲ್ಲ.

ತಾಳ್ಮೆ ಎಲ್ಲಿಂದ ಬಂದೀತು? ಗುಡಿಸಲಿನಲ್ಲಿ ಅವಳ ಮಗಳು ದಿನ ತುಂಬುವ ಮೊದಲೇ ಹೆತ್ತು ಮಲಗಿದ್ದಳು. ಕೂಸು ನನ್ನ ಎರಡು ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಅಳುವುದಕ್ಕೂ ಅದಕ್ಕೆ ಶಕ್ತಿ ಇರಲಿಲ್ಲ. ಬಾಯಿ ತೆರೆಯುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಪಾದಗಳು ನೀಲಿಗಟ್ಟಿ ತಣ್ಣಗಿದ್ದವು. ಹೆರಿಗೆ ಮಾಡಿಸಿದ ಮುದುಕಿ ಹೊರಡುವಾಗ ಒಂದೇ ಮಾತು ಹೇಳಿದ್ದಳು: ಇದಕ್ಕೆ ಬಿಸಿ ಬೇಕು, ಹೊಗೆ ಬೇಡ. ಬಿಸಿ ತಪ್ಪಿದರೂ ಉಳಿಯಲ್ಲ, ಹೊಗೆ ಕುಡಿದರೂ ಉಳಿಯಲ್ಲ.

ನಮಗೆ ಮನೆಗೆ ಒಯ್ಯಲು ಅಪ್ಪಣೆ ಇದ್ದುದು ಕೊಳ್ಳಿಗಳನ್ನು ಮಾತ್ರ. ಗೂಡಿನ ಅಂಚಿನಲ್ಲಿ ಅರ್ಧ ಬೆಂದು ಉಳಿದ ಸೌದೆ ತುಂಡುಗಳು. ಅದು ಧಣಿಯ ಧರ್ಮ. ಒಲೆಗೆ ಒಂದು ಕೊಳ್ಳಿ ಹಾಕಿದರೆ ಗುಡಿಸಲು ತುಂಬ ಹೊಗೆ. ದೊಡ್ಡವರೇ ಕೆಮ್ಮಿ ಕೆಮ್ಮಿ ಹೊರಗೆ ಓಡಬೇಕು. ಹೊಗೆಯಿಲ್ಲದ ಬೆಂಕಿಯನ್ನು ನಾವು ಮಾಡುತ್ತೇವೆ, ಪೇಟೆಯ ಹೋಟೆಲಿನವರೂ ಇಸ್ತ್ರಿಯವರೂ ಕಮ್ಮಾರರೂ ಒಯ್ಯುತ್ತಾರೆ. ಹೊಗೆ ಮಾತ್ರ ನಮ್ಮ ಪಾಲಿಗೆ ಉಳಿಯುತ್ತದೆ. ನಮ್ಮ ಮನೆಯ ಗಂಡಸರೆಲ್ಲ ಸೌದೆ ಕಡಿಯಲು ಕಾಡಿನ ಒಳಕ್ಕೆ ಹೋಗಿದ್ದರು. ಕೂಸಿನ ಅಪ್ಪನಿಗೆ ಕೂಸು ಹುಟ್ಟಿದ್ದೇ ಗೊತ್ತಿರಲಿಲ್ಲ.

ಆ ರಾತ್ರಿ ನಾವು ಮೂವರು ಹೆಂಗಸರು ಸರದಿಯ ಮೇಲೆ ಕೂಸನ್ನು ಬರಿಯ ಎದೆಗೆ ಒತ್ತಿಕೊಂಡು ಬೆಳಗು ಮಾಡಿದೆವು. ಅಕ್ಕನ ಹೊಟ್ಟೆಯ ಮೇಲೆ ಅಂಗೈಯಗಲ ಚರ್ಮ ಎದ್ದಿತ್ತು. ಕೂಸನ್ನು ಪಕ್ಕಕ್ಕೆ ಸರಿಸಿ ಹಿಡಿದುಕೊಂಡಳೇ ಹೊರತು ಸರದಿ ಬಿಡಲಿಲ್ಲ. ನನಗೆ ಮೇಸ್ತ್ರಿಯ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಅವನು ಎದುರಿಗಿದ್ದರೆ ಕಚ್ಚಿಬಿಡುತ್ತಿದ್ದೆ.

ಬೆಳಗ್ಗೆ ಗಾಳಿ ಎದ್ದಿತು. ಇಳಿಜಾರಿನ ಕೆಳಗೆ ಎಲ್ಲೋ ಕಂಬ ಉರುಳಿ, ಗೇಟಿನ ದೀಪವೂ ಬೆಟ್ಟದ ಮೇಲಿನ ಧಣಿಯ ಮನೆಯ ದೀಪಗಳೂ ಒಟ್ಟಿಗೆ ಆರಿದವು. ನಮ್ಮ ಗುಡಿಸಲುಗಳಲ್ಲಿ ಆರುವುದಕ್ಕೆ ದೀಪವೇ ಇರಲಿಲ್ಲ. ನಾವು ರಾಶಿಯ ಬಳಿ ಇದ್ದಿಲು ಹೆಕ್ಕುತ್ತಿದ್ದಾಗ ಮೇಸ್ತ್ರಿ ಬಂದು ಅಕ್ಕನ ಎದುರು ನಿಂತ. ಹಿಂದಿನ ದಿನದ್ದು ಏನೂ ನಡೆದೇ ಇಲ್ಲ ಎನ್ನುವ ಹಾಗಿತ್ತು ಅವನ ಮುಖ.

ಧಣಿಯ ಮನೆಯಲ್ಲೂ ಒಂದು ಕೂಸಿತ್ತು. ಸೊಸೆ ಹೆತ್ತಿದ್ದಳು. ಅದು ಹುಟ್ಟಿದ ದಿನ ನಮಗೆಲ್ಲ ಗೇಟಿನಲ್ಲಿ, ಮಡಿಲು ಬಿಚ್ಚಿ ತೋರಿಸಿದ ಮೇಲೆ, ಕಾವಲುಗಾರನ ಕೈಯಿಂದ ಒಂದೊಂದು ಮಿಠಾಯಿ ಹಂಚಿಸಿದ್ದರು. ಈಗ ಕರೆಂಟು ಹೋಗಿ ಕೋಣೆ ಬಿಸಿ ಮಾಡುವ ಯಂತ್ರ ನಿಂತುಹೋಗಿತ್ತು. ಅಮ್ಮಾವ್ರು ಅಗ್ಗಿಷ್ಟಿಕೆ ಬೇಕೆಂದಿದ್ದಾರೆ, ಒಂದು ಎಳೆ ಹೊಗೆಯೂ ಇರಬಾರದೆಂದಿದ್ದಾರೆ, ಒಳ್ಳೆಯ ಇದ್ದಿಲು ಆರಿಸಿಕೊಂಡು ನೀನೇ ಹೋಗಿ ಹಚ್ಚಿಕೊಡು ಎಂದ ಮೇಸ್ತ್ರಿ. ಅಕ್ಕ ಅವನ ಮುಖವನ್ನೇ ನೋಡಿದಳು. ಆಮೇಲೆ ನನ್ನನ್ನೂ ಜೊತೆಗೆ ಕರೆದಳು.

ಒಂದಕ್ಕೊಂದು ತಾಕಿಸಿದರೆ ಗಂಟೆಯ ಹಾಗೆ ಸದ್ದು ಬರುವ ಗಟ್ಟಿ ಇದ್ದಿಲನ್ನು ಆರಿಸಿ ಚೀಲಕ್ಕೆ ತುಂಬಿದೆವು. ದೊಡ್ಡ ಮನೆಯ ಹಿಂಬಾಗಿಲಲ್ಲಿ ಒಬ್ಬಳು ಆಳು ಹೆಂಗಸು ಗೋಣಿ ಹಾಸಿ ನಿಂತಿದ್ದಳು. ನಮ್ಮ ಕಾಲಿನ ಮಸಿ ನೆಲಕ್ಕೆ ತಾಕಬಾರದು. ಗೋಣಿಯಿಂದ ಗೋಣಿಗೆ ಹೆಜ್ಜೆ ಇಡುತ್ತ, ಕಪ್ಪೆಗಳ ಹಾಗೆ, ನಾವು ಕೋಣೆಯವರೆಗೆ ಹೋದೆವು. ಅವಳು ಹಿಂದಿನ ಗೋಣಿ ಎತ್ತಿ ಮುಂದಕ್ಕೆ ಹಾಸುತ್ತ ಬಂದಳು. ನನಗೆ ನಗು ಬಂತು. ಅಕ್ಕ ಕಣ್ಣಲ್ಲೇ ಗದರಿದಳು.

ಕೋಣೆಯಲ್ಲಿ ಮಂಚದ ಮೇಲೆ ಸೊಸೆ ಕೂತಿದ್ದಳು. ಹುಡುಗಿ ಇನ್ನೂ ಚಿಕ್ಕವಳು, ಕಣ್ಣಿನ ಕೆಳಗೆ ಕಪ್ಪು. ಅವಳ ಸುತ್ತ ರಜಾಯಿಗಳು ರಾಶಿ ಬಿದ್ದಿದ್ದವು. ಅವುಗಳಲ್ಲಿ ಒಂದನ್ನು ಕೊಟ್ಟಿದ್ದರೂ ನಮ್ಮ ಗುಡಿಸಲಿನವರೆಲ್ಲ ಹೊದೆಯಬಹುದಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿ, ಸಂದುಗಳಿಗೆ ಹತ್ತಿ ತುರುಕಿದ್ದರು. ಬಾಗಿಲ ಕೆಳಗಿನ ಸಂದಿಗೂ ಬಟ್ಟೆಯ ಸುರುಳಿ ಸಿದ್ಧವಾಗಿತ್ತು. ಎಲ್ಲ ತಾನೇ ಮಾಡಿದ್ದೆಂದು ಧಣಿಯ ಹೆಂಡತಿ ಹೆಮ್ಮೆಯಿಂದ ಹೇಳಿಕೊಂಡಳು. ಅಗ್ಗಿಷ್ಟಿಕೆ ಮಂಚದ ಪಕ್ಕದಲ್ಲೇ ಇರಬೇಕು, ಇಟ್ಟು ಬಾಗಿಲೆಳೆದುಕೊಂಡು ಹೋಗಿ ಎಂದಳು.

ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಿದವರು ಏಳುವುದಿಲ್ಲ. ಇದು ಗೂಡಿನವರಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ನನ್ನ ಸೋದರಮಾವ ಇದ್ದಿಲು ಲಾರಿಯ ಮುಂದಿನ ಸೀಟಿನಲ್ಲಿ ಚಳಿಗೆ ಗಾಜು ಏರಿಸಿ, ಕಾಲ ಬಳಿ ಒಂದು ಡಬ್ಬಿ ಕೆಂಡ ಇಟ್ಟುಕೊಂಡು ಮಲಗಿದ್ದ. ಬೆಳಗ್ಗೆ ಬಾಗಿಲು ತೆಗೆದಾಗ ಕೆನ್ನೆಗಳು ಕೆಂಪಗೆ ಹೊಳೆಯುತ್ತಿದ್ದವು. ಬದುಕಿದ್ದಾಗ ಅವನು ಅಷ್ಟು ಚೆನ್ನಾಗಿ ಕಂಡದ್ದೇ ಇಲ್ಲ.

ಹಿತ್ತಲಿನಲ್ಲಿ ಅಗ್ಗಿಷ್ಟಿಕೆಯ ತಳಕ್ಕೆ ಬೂದಿ ಹಾಸಿ, ಇದ್ದಿಲು ಜೋಡಿಸಿ ಬೆಂಕಿ ಹಚ್ಚಿದೆವು. ಕಪ್ಪೆಲ್ಲ ಹೋಗಿ ಪೂರಾ ಕೆಂಪಾಗುವವರೆಗೆ ಹೊರಗೇ ಇಟ್ಟು ಗಾಳಿ ಬೀಸಬೇಕು. ನಾನು ಬೀಸುತ್ತಿದ್ದೆ. ಅಕ್ಕ ಕುಕ್ಕರುಗಾಲಲ್ಲಿ ಕೂತು, ಬೆಂಕಿಯನ್ನು ನೋಡುತ್ತ, ಒಂದು ಕೈಯನ್ನು ಸುಟ್ಟ ಹೊಟ್ಟೆಯಿಂದ ಸ್ವಲ್ಪ ದೂರದಲ್ಲಿ ಹಿಡಿದುಕೊಂಡಿದ್ದಳು. ಆ ಕೈ ನೋಡಿ ನನ್ನ ತಲೆಯಲ್ಲಿ ಏನೇನೋ ಓಡಿತು. ಮುಚ್ಚಿಡಲಾರೆ, ಬಾಯಲ್ಲೂ ಬಂತು.

"ಅಕ್ಕ, ಅವ್ರು ಹೇಳಿದ್ದು ಮಾಡಿ ಹೋಗೋಣ. ಇಟ್ಟು ಬಾಗಿಲೆಳ್ಕೊಳಿ ಅಂದ್ರು. ನಮಗ್ಯಾಕೆ ಉಳಿದದ್ದು?"

ಅಕ್ಕ ನನ್ನ ಕೈಯಿಂದ ಬೀಸಣಿಗೆ ಕಿತ್ತುಕೊಂಡಳು.

"ಆ ಕೂಸು ನಿನ್ನ ಮಡಿಲು ಬಿಚ್ಚಿಸಿತೇನೇ?" ಎಂದಳು.

ನಾನು ಬಗ್ಗಿ ಬಾಯಿಂದ ಊದಲು ಕೂತೆ. ಸಿಟ್ಟು ಮಾತ್ರ ಹಾಗೇ ಇತ್ತು.

ಕೆಂಡ ಸಿದ್ಧವಾದ ಮೇಲೆ ಅಗ್ಗಿಷ್ಟಿಕೆಯ ಕಿವಿಗಳನ್ನು ಸೆರಗಿನಲ್ಲಿ ಹಿಡಿದು ಇಬ್ಬರೂ ಅದನ್ನು ಒಳಗೆ ಒಯ್ದೆವು. ಮಂಚದ ಬಳಿ ಇಟ್ಟೆವು. ಬಿಸಿ ತಾಕುತ್ತಲೇ ಸೊಸೆ ಕಣ್ಣು ಮುಚ್ಚಿಕೊಂಡಳು. ಅಕ್ಕ ಒಂದು ಕಿಟಕಿ ತೆಗೆಯಬೇಕೆಂದು ಮೆತ್ತಗೆ ಹೇಳಿದಳು. ಬೆರಳಷ್ಟು ಸಾಕು, ಆದರೆ ತೆಗೆದೇ ಇರಬೇಕು. ಇದರ ಹೊಗೆ ಕಣ್ಣಿಗೆ ಕಾಣಲ್ಲ, ಮೂಗಿಗೆ ತಿಳಿಯಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ ಎಂದಳು.

ಧಣಿಯ ಹೆಂಡತಿಗೆ ಅದು ತನ್ನ ಹತ್ತಿಯ ಮೇಲಿನ ದೂರಿನ ಹಾಗೆ ಕೇಳಿಸಿತೇನೋ. ಥಂಡಿ ಗಾಳಿ ಬಿಟ್ಟು ಮೊಮ್ಮಗನನ್ನು ಸಾಯಿಸಬೇಕು ಅಂತಿದೀಯಾ ಎಂದಳು. ಇದ್ದಿಲು ಮಸಿಗೆ ಬುದ್ಧಿ ಹೇಳಿತು ಅನ್ನುವ ಗಾದೆ ಅವಳಿಗೂ ಗೊತ್ತಿತ್ತು, ಅದನ್ನೂ ಅಂದಳು. ಮಂಚದ ಮೇಲಿಂದ ಸೊಸೆ ಸಣ್ಣ ದನಿಯಲ್ಲಿ, ತೆಗೀಲಿ ಬಿಡಿ ಅತ್ತೆ ಎಂದದ್ದು ನನಗೆ ಕೇಳಿಸಿತು. ನೀನು ಸುಮ್ಮನೆ ಮಲಗು ಎಂದು ಅತ್ತೆ ಗದರಿದ್ದೂ ಕೇಳಿಸಿತು. ಆ ಕೋಣೆಯಲ್ಲಿ ಬಾಯಿ ಮುಚ್ಚಿಸಿಕೊಂಡವರು ನಾವಿಬ್ಬರೇ ಅಲ್ಲ.

ಗದ್ದಲ ಕೇಳಿ ಧಣಿಯೇ ಬಂದ. ಬಾಗಿಲಲ್ಲಿ ನಿಂತು ಏನೆಂದು ಹೆಂಡತಿಯನ್ನು ಕೇಳಿದ, ನಮ್ಮನ್ನಲ್ಲ. ಅವಳು ಹೇಳಿದಳು. ಅವನು ಅಕ್ಕನ ಕಡೆ ತಿರುಗಿ, ಹಿಂದಿನ ದಿನ ಗೇಟಿನಲ್ಲಿ ಸಿಕ್ಕಿಬಿದ್ದವಳು ನೀನೇ ಅಲ್ಲವಾ ಎಂದ. ಅಕ್ಕ ಹೌದೆಂದಳು.

"ಕಳ್ಳತನ ಮಾಡೋ ಕೈ ನಮ್ಮನೆ ಕಿಟಕಿ ಮುಟ್ಟೋದು ಬೇಡ. ಇಟ್ಟಾಯ್ತಲ್ಲ, ನಡೀರಿ."

ಅಕ್ಕ ಅಗ್ಗಿಷ್ಟಿಕೆಯನ್ನು ನೋಡಿದಳು. ಸೊಸೆಯ ಮಡಿಲಲ್ಲಿ ಮಲಗಿದ್ದ ಕೂಸನ್ನು ನೋಡಿದಳು. ಕೆನ್ನೆ ತುಂಬಿದ ಕೂಸು, ದಿನ ತುಂಬಿ ಹುಟ್ಟಿದ್ದು. ಆಮೇಲೆ ಬಗ್ಗಿ, ಕಾಲ ಕೆಳಗಿನ ಗೋಣಿಯನ್ನು ತೆಗೆದು, ಅಲ್ಲೇ ಇದ್ದ ಹೂಜಿಯ ನೀರು ಸುರಿದು ಹಿಂಡಿ, ಸಿಂಬೆ ಮಾಡಿ ತಲೆಯ ಮೇಲಿಟ್ಟುಕೊಂಡಳು. ಮಸಿಯ ನೀರು ಬೆಳ್ಳನೆಯ ನೆಲದ ಮೇಲೆ ಹರಿಯಿತು. ಯಾರಿಗೂ ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ನನಗೆ ಹೇಳಿದಳು:

"ಎತ್ತೇ ತಂಗಿ. ಒಂದು ಕೈ ಹಾಕು."

ಸೆರಗಿನಲ್ಲಿ ಕಿವಿ ಹಿಡಿದು ನಾನು ಎತ್ತಿದೆ. ಅಗ್ಗಿಷ್ಟಿಕೆ ಅವಳ ತಲೆಯ ಮೇಲೆ ಕೂತಿತು. ಒದ್ದೆ ಗೋಣಿ ಚುಂಯ್ ಎಂದಿತು.

"ಏಯ್, ಇಳ್ಸೇ. ಯಾರಪ್ಪಂದು ಅಂದ್ಕೊಂಡೆ ಅದು?" ಎಂದ ಧಣಿ.

"ಕಿಟಕಿ ತೆಗೀರಿ, ಇಳಿಸ್ತೀನಿ. ತೆಗೆಯಲ್ಲ ಅಂದ್ರೆ ಇದು ಇಲ್ಲಿರಲ್ಲ. ನಮ್ಮ ಗುಡಿಸಲಲ್ಲಿ ಗೋಡೆಗಿಂತ ಸಂದಿ ಜಾಸ್ತಿ. ಅಲ್ಲಿ ಉರೀತದೆ."

ಅವನು ಕಿಟಕಿಯ ಕಡೆ ನೋಡಲೂ ಇಲ್ಲ. ಒಂದು ಹೆಜ್ಜೆ ಮುಂದಿಟ್ಟು ಕೈ ಎತ್ತಿದ. ಆದರೆ ಎಲ್ಲಿಗೆ ಹೊಡೆಯುವುದು? ತೋಳಿಗೆ ಹೊಡೆದರೆ ಕೆಂಡ ರಜಾಯಿಗಳ ಮೇಲೆ ಬೀಳುತ್ತದೆ. ಅಗ್ಗಿಷ್ಟಿಕೆಗೆ ಕೈ ಹಾಕಿದರೆ ಕೈ ಸುಡುತ್ತದೆ. ಎತ್ತಿದ ಕೈ ಹಾಗೇ ಉಳಿಯಿತು. ಅಕ್ಕ ಬಾಗಿಲಲ್ಲಿ ನಿಂತು ಸೊಸೆಗೆ ಮಾತ್ರ ಹೇಳಿದಳು, ಕೂಸನ್ನು ಬರಿಯ ಎದೆಗೆ ಅವಚಿಕೊಂಡು ಮೇಲೆ ರಜಾಯಿ ಹೊದ್ದುಕೋ ತಾಯಿ, ಏನೂ ಆಗಲ್ಲ ಎಂದು. ಹುಡುಗಿ ತಲೆಯಾಡಿಸಿದಳು.

ಗೋಣಿ ಹಾಸುವ ಹೆಂಗಸು ಈ ಸಲ ಗೋಣಿ ಹಾಸಲಿಲ್ಲ. ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು. ಅಕ್ಕ ಮುಂಬಾಗಿಲಿನಿಂದಲೇ ಹೊರಗೆ ಬಂದಳು. ಅವಳ ಹಿಂದೆ ನಾನು, ನಮ್ಮಿಬ್ಬರ ಹಿಂದೆ ಕರಿಯ ಹೆಜ್ಜೆಗಳ ಸಾಲು. ಆ ಹೆಜ್ಜೆಗಳನ್ನು ನೋಡಿ ನನಗಾದ ಖುಷಿಯನ್ನು ಯಾಕೆ ಮುಚ್ಚಿಡಲಿ?

ಗೂಡಿನ ಅಂಗಳದಲ್ಲಿ ಹೆಂಗಸರು ಗುದ್ದಲಿ ಊರಿಕೊಂಡು ನಿಂತು ನೋಡಿದರು. ಗೇಟಿನಲ್ಲಿ ಕಾವಲುಗಾರ ಕೋಲು ಅಡ್ಡ ಹಿಡಿದ. ಅಭ್ಯಾಸಬಲದಿಂದ, ಬಿಚ್ಚು ಮಡಿಲು ಎಂದ.

"ಮಡಿಲಲ್ಲಿ ಗಾಯ ಐತೆ, ನೀವು ಕೊಟ್ಟಿದ್ದು. ಮಾಲು ತಲೆ ಮೇಲೈತೆ. ಇಳಿಸ್ಕೋತೀಯಾ? ಬಾ."

ಅಕ್ಕ ತಲೆಯನ್ನು ಒಂದಿಷ್ಟು ಅವನ ಕಡೆ ಬಾಗಿಸಿದಳು. ಕೆಂಡದ ಬಿಸಿ ಅವನ ಮುಖಕ್ಕೆ ಹೊಡೆಯಿತು. ಅವನು ಕೋಲು ಹಿಂದಕ್ಕೆಳೆದುಕೊಂಡ.

ಗುಡಿಸಲಿನಲ್ಲಿ ಅಗ್ಗಿಷ್ಟಿಕೆಯನ್ನು ಮಗಳ ಚಾಪೆಯಿಂದ ತುಸು ದೂರಕ್ಕಿಟ್ಟು, ಬಾಗಿಲ ತಟ್ಟಿಯನ್ನು ಅರ್ಧ ತೆರೆದೇ ಬಿಟ್ಟೆವು. ಸಂದಿಗಳಿಂದ ಗಾಳಿ ಬರುತ್ತಲೇ ಇತ್ತು, ಬಿಸಿಯೂ ಇತ್ತು. ಮಗಳು ಅಳಲು ಶುರುಮಾಡಿದಳು. ಅಕ್ಕ ಕೂಸಿನ ಪಾದಗಳನ್ನು ತನ್ನ ಅಂಗೈಗಳ ನಡುವೆ ಇಟ್ಟುಕೊಂಡು ಕೂತಳು. ಎಷ್ಟೋ ಹೊತ್ತಿನ ಮೇಲೆ ನೀಲಿ ಸ್ವಲ್ಪ ತಿಳಿಯಾಯಿತು. ಆಮೇಲೆ ಕೂಸು ಬಾಯಿ ತೆರೆಯಿತು. ಮೊದಲ ಸಲ ಅದರ ಅಳು ನಮಗೆ ಕೇಳಿಸಿತು.

ಆ ಅಳು ಹೊರಗೆ ನಿಂತಿದ್ದ ಮೇಸ್ತ್ರಿಗೂ ಕೇಳಿಸಿರಬೇಕು. ಇಬ್ಬರು ಆಳುಗಳನ್ನು ಕರೆದುಕೊಂಡು ಬಂದಿದ್ದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ಬಗ್ಗಿ ಅಗ್ಗಿಷ್ಟಿಕೆಯನ್ನು ನೋಡಿದ.

"ಗುಡಿಸಲು ಖಾಲಿ ಮಾಡಿ ಅಂತ ಧಣಿ ಮಾತು. ಬಾಣಂತಿ ಮನೆ ಬೆಂಕಿ ಆರಿಸಿದ ಪಾಪ ನನಗ್ಯಾಕೆ? ಅದಾಗೇ ಆರಲಿ. ಆರ್ತಿದ್ದ ಹಾಗೆ ಗಂಟುಮೂಟೆ ಕಟ್ಟಿ ಹೊರಡ್ಬೇಕು, ಅಷ್ಟೇ."

ತನ್ನ ಔದಾರ್ಯಕ್ಕೆ ತಾನೇ ಮೆಚ್ಚಿ, ಎದುರಿಗಿದ್ದ ಕಲ್ಲಿನ ಮೇಲೆ ಕೂತು ಸಿಗರೇಟು ಹಚ್ಚಿದ. ಆಳುಗಳು ಅವನ ಹಿಂದೆ ಕೈಕಟ್ಟಿ ನಿಂತರು. ಅವರಲ್ಲೊಬ್ಬ ನಮ್ಮ ಗುಡಿಸಲು ಸಾಲಿನವನೇ. ಅವನು ನಮ್ಮ ಕಡೆ ನೋಡಲಿಲ್ಲ.

ಗಟ್ಟಿ ಇದ್ದಿಲು ಬೇಗ ಆರುವುದಿಲ್ಲ. ಆದರೂ ಆರದೆ ಇರುವುದಿಲ್ಲ. ಮೇಲಿನ ಕೆಂಡಗಳಿಗೆ ಆಗಲೇ ಬೂದಿ ಕಟ್ಟುತ್ತಿತ್ತು. ಮಗಳು ಅದನ್ನೇ ನೋಡುತ್ತಿದ್ದಳು. ಈ ಚಳಿಯಲ್ಲಿ ಆ ಕೂಸನ್ನು ಎತ್ತಿಕೊಂಡು ಬಯಲಿಗೆ ಹೋದರೆ ಇಳಿಜಾರು ಇಳಿಯುವುದರೊಳಗೆ ಏನಾಗುತ್ತದೆ ಎಂದು ಮೂವರಿಗೂ ಗೊತ್ತಿತ್ತು. ಅಕ್ಕ ನನ್ನನ್ನು ಏನೂ ಕೇಳಲಿಲ್ಲ. ಕೇಳುವ ಪೈಕಿಯೇ ಅಲ್ಲ ಅವಳು.

ಬೆಂಕಿ ಆರಿದ ಮೇಲೆ ಹೊರಡಿ ಎಂದಿದ್ದ ಮೇಸ್ತ್ರಿ, ಆರದ ಹಾಗೆ ನೋಡಿಕೊಂಡರಾಯಿತು. ನಾನು ಎದ್ದೆ. ಮೇಸ್ತ್ರಿಯ ಮುಂದಿನಿಂದಲೇ ನಡೆದು ಗೇಟು ದಾಟಿದೆ. ಒಳಗೆ ಹೋಗುವವರನ್ನು ಯಾರೂ ತಡೆಯುವುದಿಲ್ಲ. ಹಿಂದಿನ ದಿನ ಒಡೆದ ಗೂಡಿನ ರಾಶಿಯ ಬಳಿ ಕೂತು, ಒಂದೊಂದನ್ನೇ ಎತ್ತಿ, ಅಂಗೈಗೆ ಒತ್ತಿ, ಕೆನ್ನೆಗೆ ಒತ್ತಿ ನೋಡಿದೆ. ಚೆನ್ನಾಗಿ ಮಲಗಿದ್ದ ಇದ್ದಿಲನ್ನೇ ಹೆಕ್ಕಿದೆ. ಅವಸರಪಡಲಿಲ್ಲ. ಸುತ್ತಲಿನ ಹೆಂಗಸರು ಕೆಲಸ ನಿಲ್ಲಿಸಿದ್ದು ತಿಳಿಯುತ್ತಿತ್ತು. ಮಡಿಲು ತುಂಬಿದ ಮೇಲೆ ಅದರ ಎರಡೂ ತುದಿಗಳನ್ನು ಬಿಗಿದು ಕಟ್ಟಿ, ಗೇಟಿನ ಕಡೆ ಹೊರಟೆ.

ಕಾವಲುಗಾರ ನನ್ನ ಉಬ್ಬಿದ ಮಡಿಲನ್ನು ದೂರದಿಂದಲೇ ಕಂಡ. ಈ ಸಲ ನನ್ನ ತಲೆಯ ಮೇಲೆ ಬೆಂಕಿ ಇರಲಿಲ್ಲ. ಅವನು ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಬಿಚ್ಚು" ಎಂದ.

"ಬಿಚ್ಚಲ್ಲ ಕಣೋ ಬೋಳಿಮಗನೆ" ಎಂದೆ.

ಹೆಜ್ಜೆ ನಿಲ್ಲಿಸಲಿಲ್ಲ. ನನ್ನ ಹಿಂದೆ ಯಾರೋ ರಾಶಿಯ ಬಳಿ ಕೂತರು. ಮಡಿಲಲ್ಲಿ ಇದ್ದಿಲಿಗೆ ಇದ್ದಿಲು ತಾಕುವ ಸದ್ದು ಕೇಳಿಸಿತು. ಆಮೇಲೆ ಇನ್ನೂ ಒಂದು ಕಡೆಯಿಂದ ಅದೇ ಸದ್ದು. ಕಾವಲುಗಾರ ಕೋಲು ಎತ್ತಿದ.